‘ಟೈರ್ ಒನ್’ ಎಂಬ ಮುದ್ರೆ ಒತ್ತುವವರು ಯಾರು?

ಪ್ರಶ್ನೆ: ಮಗಳು ಉಡುಪಿಯಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಸುರತ್ಕಲ್‌ನ ಎನ್‌ಐಟಿಕೆ ‘ಟೈರ್ ಒನ್’, ಮಣಿಪಾಲ ‘ಟೈರ್ ಟು’ ಎನ್ನುತ್ತಾರೆ. ಈ ದರ್ಜೆ ಕೊಡುವವರು ಯಾರು? ಅದನ್ನು ನಂಬಿ ಸೀಟು ಆರಿಸಬಹುದೇ?

ಉತ್ತರ: ನಂಬಬೇಡಿ. ಜನರ ಬಾಯಲ್ಲಿರುವ ಆ ಪಟ್ಟಿಯನ್ನು ಸರ್ಕಾರದ ಯಾವ ಸಂಸ್ಥೆಯೂ ಮಾಡಿಲ್ಲ. ‘ಟೈರ್’ ಅಧಿಕೃತವಾಗಿ ಇರುವುದು ಎನ್‌ಬಿಎ (ತಾಂತ್ರಿಕ ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯಲ್ಲಿ, ಅಲ್ಲಿ ಅದರ ಅರ್ಥವೇ ಬೇರೆ: ವಿಶ್ವವಿದ್ಯಾಲಯ ಮತ್ತು ಸ್ವಾಯತ್ತ ಕಾಲೇಜುಗಳ ಕೋರ್ಸಿಗೆ ಟೈರ್ ಒನ್, ಸ್ವಾಯತ್ತತೆ ಇಲ್ಲದ ಕಾಲೇಜಿನ ಕೋರ್ಸಿಗೆ ಟೈರ್ ಟು. ಈ ಮಾನ್ಯತೆ ಸಿಗುವುದು ಇಡೀ ಕಾಲೇಜಿಗಲ್ಲ, ಒಂದೊಂದು ಬ್ರಾಂಚಿಗೆ. ಹಾಗಾಗಿ ಜಾಹೀರಾತಿನಲ್ಲಿ ಎನ್‌ಬಿಎ ಎಂದು ಕಂಡರೆ ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ ಎಂದು ಕೇಳಿ.

ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಕೊಡುವ) ರ‍್ಯಾಂಕಿನಲ್ಲೂ ಎಡವುವವರು ಬಹಳ. 2024ರಲ್ಲಿ ಮಾಹೆಗೆ (ಮಣಿಪಾಲದ ವಿಶ್ವವಿದ್ಯಾಲಯ) 4, ಎನ್‌ಐಟಿಕೆಗೆ 17. ಆದರೆ ಮೊದಲನೆಯದು ವಿಶ್ವವಿದ್ಯಾಲಯಗಳ ಪಟ್ಟಿ, ಎರಡನೆಯದು ಎಂಜಿನಿಯರಿಂಗ್ ಪಟ್ಟಿ. ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ನೂರರಲ್ಲಿ 10 ಅಂಕ ‘ಜನಾಭಿಪ್ರಾಯ’ಕ್ಕೇ ಮೀಸಲು ಎಂಬುದೂ ನೆನಪಿರಲಿ.

ನಿಮಗೆ ನಿಜವಾಗಿ ಬೇಕಾದದ್ದು ಕಾನೂನಿನ ವರ್ಗ, ಯಾಕೆಂದರೆ ಯಾವ ಬಾಗಿಲಿನಿಂದ ಒಳಹೋಗಬೇಕು ಎನ್ನುವುದನ್ನು ತೀರ್ಮಾನಿಸುವುದು ಅದು. 1960ರಲ್ಲಿ ಕೆಆರ್‌ಇಸಿ (ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು) ಆಗಿ ಶುರುವಾದ ಎನ್‌ಐಟಿಕೆ ಈಗ ರಾಷ್ಟ್ರೀಯ ಮಹತ್ವದ ಸಂಸ್ಥೆ; ಜೆಇಇ ಮೇನ್ ಬರೆದು ಜೋಸಾ (ಐಐಟಿ, ಎನ್‌ಐಟಿಗಳ ಸೀಟು ಹಂಚುವ ಜಂಟಿ ವ್ಯವಸ್ಥೆ) ಕೌನ್ಸೆಲಿಂಗ್‌ನಲ್ಲಿ ಸೀಟು ಪಡೆಯಬೇಕು. ಮಾಹೆ 1993ರಿಂದ ಡೀಮ್ಡ್ ವಿಶ್ವವಿದ್ಯಾಲಯ, ಅದಕ್ಕೆ ಎಂಇಟಿ ಎಂಬ ಪ್ರತ್ಯೇಕ ಪರೀಕ್ಷೆ. ಸಿಇಟಿಯಲ್ಲಿ ಎಷ್ಟೇ ಒಳ್ಳೆಯ ರ‍್ಯಾಂಕ್ ಬಂದರೂ ಎನ್‌ಐಟಿಕೆಯ ಬಾಗಿಲು ತೆರೆಯುವುದಿಲ್ಲ.

ಎನ್‌ಐಟಿಕೆಯ ಅರ್ಧದಷ್ಟು ಸೀಟು ಕರ್ನಾಟಕದವರಿಗೆ. ‘ಕರ್ನಾಟಕದವರು’ ಎಂದರೆ ಇಲ್ಲಿ ಹುಟ್ಟಿದವರಲ್ಲ, ಹನ್ನೆರಡನೆಯ ತರಗತಿಯನ್ನು ಇಲ್ಲಿ ಪಾಸಾದವರು. ಕೋಚಿಂಗ್‌ಗಾಗಿ ಮಕ್ಕಳನ್ನು ಹೊರರಾಜ್ಯದ ಕಾಲೇಜಿಗೆ ಸೇರಿಸುವ ಕರಾವಳಿಯ ಪೋಷಕರು ಈ ಕೋಟಾವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ. ಗೊತ್ತಾಗುವುದು ಕೌನ್ಸೆಲಿಂಗ್ ದಿನ. ನಿಮ್ಮ ಮಗಳಿಗೆ ಆ ಭಯವಿಲ್ಲ. ಆದರೆ ಜೆಇಇ ರ‍್ಯಾಂಕ್ ಜೊತೆಗೆ ಪಿಯುಸಿಯಲ್ಲಿ ಶೇ 75 ಬೇಕು (ಪರಿಶಿಷ್ಟರಿಗೆ ಶೇ 65), ಇಲ್ಲವೇ ಬೋರ್ಡಿನ ಮೇಲಿನ ಶೇ 20ರೊಳಗೆ ಇರಬೇಕು.

ಈಗಲೇ ಜೋಸಾ ಜಾಲತಾಣದಲ್ಲಿ ಕಳೆದ ವರ್ಷದ ಕೊನೆಯ ಸುತ್ತಿನ ಕ್ಲೋಸಿಂಗ್ (ಕೊನೆಯ ಸೀಟು ಸಿಕ್ಕ) ರ‍್ಯಾಂಕ್ ತೆಗೆದು, ಬೇಕಾದ ಬ್ರಾಂಚಿನ ‘ಹೋಮ್ ಸ್ಟೇಟ್’ (ಕರ್ನಾಟಕದವರ) ಸಾಲನ್ನು ನೋಡಿ. ಹೆಣ್ಣುಮಕ್ಕಳಿಗೆಂದೇ ಇರುವ ಸೀಟುಗಳಿಗೆ ಬೇರೆ ಸಾಲಿದೆ, ಅದನ್ನೂ ಬರೆದಿಟ್ಟುಕೊಳ್ಳಿ.