ಮಲೆನಾಡಿನ ಕಾಡಿನ ಮೇಲೆ ಸಂಶೋಧನೆ: ಎಲ್ಲಿ ಸೇರಬೇಕು, ಏನನ್ನು ಅಳೆಯಬೇಕು?

ಶಿವಮೊಗ್ಗದಲ್ಲಿ ಬಿಎಸ್ಸಿ ಮುಗಿಯುತ್ತಿದೆ, ಕಮ್ಯುನಿಟಿ ಇಕಾಲಜಿ (ಒಂದು ಜಾಗದಲ್ಲಿ ಒಟ್ಟಿಗೆ ಬದುಕುವ ಜೀವಿಗಳ ಅಧ್ಯಯನ) ಮತ್ತು ಸಂರಕ್ಷಣೆಯಲ್ಲಿ ಸಂಶೋಧನೆ ಮಾಡಬೇಕು, ಯಾವ ಸಂಸ್ಥೆ ಒಳ್ಳೆಯದು ಅಂತ ಕೇಳಿದ್ದೀರಿ. ಸಂಸ್ಥೆಗಳನ್ನು ಹೇಳುತ್ತೇನೆ. ಆದರೆ ಅದಕ್ಕಿಂತ ಮೊದಲು ಯಾವುದನ್ನು ಯಾವುದರ ಜೊತೆ ಹೋಲಿಸುತ್ತೀರಿ ಅನ್ನುವುದು ಗಟ್ಟಿಯಾಗಬೇಕು.

ಹತ್ತಿರದಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿ ವನ್ಯಜೀವಿ ನಿರ್ವಹಣೆ, ಪರಿಸರ ವಿಜ್ಞಾನ ಎರಡಕ್ಕೂ ಸ್ನಾತಕೋತ್ತರ ವಿಭಾಗಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವನ್ಯಜೀವಿ ಎಂಎಸ್ಸಿಗೆ ಎರಡು ವರ್ಷಕ್ಕೊಮ್ಮೆ ಮಾತ್ರ ಪ್ರವೇಶ, ಹಾಗಾಗಿ ವರ್ಷ ತಪ್ಪಿಸಿಕೊಳ್ಳಬೇಡಿ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲೂ ಎಂಎಸ್ಸಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಇಂಟಿಗ್ರೇಟೆಡ್ ಪಿಎಚ್‌ಡಿಗೆ (ಎಂಎಸ್ಸಿ, ಪಿಎಚ್‌ಡಿ ಒಟ್ಟಿಗೆ) ಜ್ಯಾಮ್ ಪ್ರವೇಶ ಪರೀಕ್ಷೆ ಬರೆಯಬೇಕು. ಎಂಎಸ್ಸಿ ಆದಮೇಲೆ ಏಟ್ರಿ (ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ) ಅಥವಾ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಪಿಎಚ್‌ಡಿ ಮಾಡಬಹುದು. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಗೇಟ್ ಪರೀಕ್ಷೆಯಲ್ಲೂ ಇಕಾಲಜಿ ಮತ್ತು ವಿಕಾಸಕ್ಕೆ ಪ್ರತ್ಯೇಕ ಪತ್ರಿಕೆ ಇದೆ.

ಮಾರ್ಗದರ್ಶಕರಿಗೆ ಬರೆಯುವಾಗ "ವನ್ಯಜೀವಿ ಅಂದ್ರೆ ಇಷ್ಟ" ಅಂದರೆ ಉತ್ತರ ಬರುವುದು ಕಷ್ಟ. ಅರ್ಧ ಪುಟದಲ್ಲಿ ಒಂದು ಪ್ರಶ್ನೆ, ಎರಡು ಜಾಗ, ಅಳೆಯುವ ವಿಧಾನ ಇರಲಿ.

ಪ್ರಶ್ನೆಗೆ ನಮ್ಮ ಸುತ್ತಲಿನಷ್ಟು ಒಳ್ಳೆಯ ಜಾಗ ಸಿಗುವುದು ಅಪರೂಪ. ಸೊರಬ, ಸಾಗರದಲ್ಲಿ ಕಾನು (ಹಳ್ಳಿಗಳ ಹತ್ತಿರ ಉಳಿದಿರುವ ಹಳೆಯ ನಿತ್ಯಹಸಿರು ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ಕಡಿಯುವ ಕಾಡು), ಅಡಿಕೆ ತೋಟ, ಅಕೇಶಿಯಾ ನೆಡುತೋಪು ಒಂದೇ ಊರಿನ ಆಸುಪಾಸಿನಲ್ಲಿ ಸಿಗುತ್ತವೆ. ಸೊರಬದ ಕಾನುಗಳ ಮೇಲೆ ಬ್ರಿಟಿಷರ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಕೊಟ್ಟಿದ್ದಾರೆ, ಅಂದರೆ ಹಿಂದೆ ಏನಿತ್ತು ಅನ್ನುವುದಕ್ಕೂ ಒಂದು ಆಧಾರವಿದೆ. ಸೊಪ್ಪು ಕಡಿಯುವುದರಿಂದ ಕಾನಿನ ಯಾವ ಮರಗಳ ಸಸಿಗಳು ಬೆಟ್ಟದಲ್ಲಿ ಮೇಲೇಳುವುದಿಲ್ಲ? ತರಗೆಲೆಯಡಿಯ ಇರುವೆಗಳು ಕಾನಿನಿಂದ ತೋಟಕ್ಕೆ ಬರುವಾಗ ಎಷ್ಟು ಬದಲಾಗುತ್ತವೆ? ಹೆಚ್ಚು ದುಡ್ಡಿಲ್ಲದೆ ಮಾಡಬಹುದಾದ, ಕಾನು ಉಳಿಸುವವರಿಗೂ ಬೇಕಾದ ಕೆಲಸ ಇದು.

ಹೆಚ್ಚಿನವರು ಎಡವುವುದು ವಿನ್ಯಾಸದಲ್ಲಿ. ಒಂದೇ ಕಾನಿನಲ್ಲಿ ಹತ್ತು ಪ್ಲಾಟ್ (ಅಳೆದು ಗುರುತು ಮಾಡಿದ ಚೌಕ) ಹಾಕಿ ಹತ್ತು ಕಾನು ನೋಡಿದೆ ಅನ್ನುವಂತಿಲ್ಲ. ಪ್ರತಿ ಬಗೆಯದ್ದೂ ಕನಿಷ್ಠ ಐದಾರು ಬೇರೆ ಬೇರೆ ಜಾಗ, ಪ್ರತಿ ಜಾಗದಲ್ಲಿ 20×20 ಮೀಟರಿನ ಎರಡು ಮೂರು ಪ್ಲಾಟ್ ಇಟ್ಟುಕೊಳ್ಳಿ. ಕಾನುಗಳೆಲ್ಲ ಹೊಸನಗರದವು, ನೆಡುತೋಪುಗಳೆಲ್ಲ ಸೊರಬದವು ಆದರೆ ನಿಮಗೆ ಕಾಣುವುದು ಮಳೆಯ ವ್ಯತ್ಯಾಸವೋ ಬಳಕೆಯ ವ್ಯತ್ಯಾಸವೋ ಹೇಳಲು ಬರುವುದಿಲ್ಲ. ಆದ್ದರಿಂದ ಒಂದೊಂದು ಊರಲ್ಲೂ ಎಲ್ಲ ಬಗೆ ಇರುವಂತೆ ಆರಿಸಿ. ಮರದ ಸುತ್ತಳತೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ, ರೆಕ್ಕೆಬೇರು (ಬುಡದಲ್ಲಿ ಹಲಗೆಯಂತೆ ಹರಡುವ ಬೇರು) ಇದ್ದರೆ ಅದರ ಮೇಲೆ. ಸುತ್ತಳತೆ 30 ಸೆಂಟಿಮೀಟರಿಗಿಂತ ಹೆಚ್ಚಿರುವುದನ್ನೆಲ್ಲ ಬರೆದುಕೊಳ್ಳಿ. ಸಸಿಗಳಿಗೆ ಒಳಗೇ ಸಣ್ಣ ಚೌಕ. ಪ್ಲಾಟ್ ಸೇರಿಸಿದಂತೆಲ್ಲ ಹೊಸ ಪ್ರಭೇದ ಬರುತ್ತಲೇ ಇದ್ದರೆ ಕೆಲಸ ಇನ್ನೂ ಸಾಲದು. ಇರುವೆಗೆ ನೆಲದಲ್ಲಿ ಹೂಳುವ ಲೋಟಗಳು ಜೂನ್ ನಂತರ ನೀರು ತುಂಬಿ ಹಾಳಾಗುತ್ತವೆ, ಅವುಗಳನ್ನು ಬೇಸಿಗೆಗೇ ಮುಗಿಸಿ. ಕಪ್ಪೆಯಾದರೆ ಉಲ್ಟಾ, ಮಳೆಗಾಲದ ರಾತ್ರಿಯೇ ಬೇಕು. ಲೆಕ್ಕಕ್ಕೆ ಆರ್ ತಂತ್ರಾಂಶ ಮತ್ತು ಜೀವಿ ಸಮುದಾಯಗಳನ್ನು ಹೋಲಿಸಲು ಬಳಸುವ ಅದರ ವೇಗನ್ ಪ್ಯಾಕೇಜ್ ಉಚಿತ, ಈಗಲೇ ಕಲಿಯಿರಿ.

ಅನುಮತಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಭದ್ರಾ, ಶೆಟ್ಟಿಹಳ್ಳಿ, ಶರಾವತಿಯಂಥ ರಕ್ಷಿತ ಪ್ರದೇಶಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು, ಸಂಸ್ಥೆಯ ಪತ್ರದೊಂದಿಗೆ ಅರ್ಜಿ ಹಾಕಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿ ಹಿಡಿಯುವುದಾದರೆ ಅದಕ್ಕೆ ಬೇರೆಯೇ ಅನುಮತಿ. ತೋಟಕ್ಕೆ ಮಾಲೀಕರ ಮಾತು ಸಾಕು. ಸೊಪ್ಪಿನಬೆಟ್ಟದಲ್ಲಿ ಸೊಪ್ಪಿನ ಹಕ್ಕು ತೋಟದವರದ್ದಾದರೂ ಜಾಗ ಸರ್ಕಾರದ್ದು, ಅಲ್ಲಿ ಇಬ್ಬರನ್ನೂ ಕೇಳಿ. ಒಂದೂವರೆ ವರ್ಷದ ಪ್ರಬಂಧವಾದರೆ ಅಭಯಾರಣ್ಯ ಬಿಟ್ಟು ಹೊರಗೆ ಕೆಲಸ ಮಾಡುವುದೇ ಜಾಣತನ.

ಕೊನೆಗೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲೇ ಮೊದಲು ಪತ್ತೆಯಾದದ್ದು. ಮರ ಅಳೆಯಲು ಅನುಕೂಲವಾದ ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳಲ್ಲೇ ಈ ಕಾಯಿಲೆ ಹರಡುವ ಉಣುಗುಗಳ ಕಾಟವೂ ಹೆಚ್ಚು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ದೂರವಿಡುವ ಡೇಪಾ ಎಣ್ಣೆ ಕೇಳಿ ಹಚ್ಚಿಕೊಳ್ಳಿ, ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ, ತರಗೆಲೆಯ ಮೇಲೆ ಕೂರಬೇಡಿ, ವಾಪಸಾದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಜ್ವರ ಬಂದರೆ ಕಾಡಿನಲ್ಲಿ ಕೆಲಸ ಮಾಡುತ್ತಿದ್ದೀರಿ ಅನ್ನುವುದನ್ನು ಡಾಕ್ಟರಿಗೆ ಮೊದಲೇ ಹೇಳಿ.