ಆಟದ ಪಿರಿಯಡ್ ಕಿತ್ತುಕೊಳ್ಳಬೇಡಿ

ಓದುಗರ ಪತ್ರ: ನಾನು ಪ್ರಾಥಮಿಕ ಶಾಲೆಯ ನಾಲ್ಕನೇ ತರಗತಿಯ ಶಿಕ್ಷಕಿ. ಯಾವ ತರಕಾರಿಯಲ್ಲಿ ಯಾವ ವಿಟಮಿನ್ ಇದೆ ಎಂದು ಕೇಳಿದರೆ ನನ್ನ ಮಕ್ಕಳು ಥಟ್ಟನೆ ಹೇಳುತ್ತಾರೆ. ಆದರೆ ಡಬ್ಬಿಯಲ್ಲಿದ್ದ ತರಕಾರಿ ಹಾಗೇ ಮನೆಗೆ ವಾಪಸ್ಸಾಗುತ್ತದೆ. ಪೂರ್ತಿ ತಿಂದವರಿಗೆ ಚಾಕೊಲೇಟ್ ಕೊಟ್ಟು ನೋಡಿದೆ, ಕೆಲವು ದಿನ ನಡೆಯಿತು ಅಷ್ಟೆ. ತಿಂಗಳಿಗೊಮ್ಮೆ ತೂಕ ನೋಡಿ ಬೋರ್ಡಿನ ಮೇಲೆ ಬರೆಯುತ್ತೇವೆ. ಹೋಂವರ್ಕ್ ಮುಗಿಸದವರನ್ನು ಆಟದ ಪಿರಿಯಡ್‌ಗೆ ಬಿಡುವುದಿಲ್ಲ, ಉಳಿದವರೆಲ್ಲ ಆಡುತ್ತಾರೆ. ಇನ್ನೇನು ಮಾಡಬೇಕು?

ಸಂಪಾದಕರ ಉತ್ತರ: ನಿಮ್ಮ ಪತ್ರದಲ್ಲಿ ಮಕ್ಕಳ ಮೇಲಿನ ಅಕ್ಕರೆ ಎದ್ದು ಕಾಣುತ್ತದೆ. ಆ ಧೈರ್ಯದ ಮೇಲೆಯೇ ನೇರವಾಗಿ ಹೇಳುತ್ತೇನೆ: ಹೊಸದೇನನ್ನಾದರೂ ಸೇರಿಸುವ ಮೊದಲು, ಈಗ ಮಾಡುತ್ತಿರುವುದರಲ್ಲಿ ಮೂರನ್ನು ನಿಲ್ಲಿಸಿ.

ಮೊದಲನೆಯದು ಆಟ ತಪ್ಪಿಸುವ ಶಿಕ್ಷೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಷ್ಟು ಮೈ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಷ್ಟೋ ಮಕ್ಕಳಿಗೆ ಶಾಲೆಯ ಅಂಗಳ ಬಿಟ್ಟರೆ ಓಡಲು ಬೇರೆ ಜಾಗವೇ ಇಲ್ಲ. ಹೋಂವರ್ಕ್ ಮುಗಿಸದವರು ಯಾರು ಎಂದು ಒಮ್ಮೆ ನೋಡಿ. ಅವರಲ್ಲಿ ಹಲವರು ಒಂದು ಕಡೆ ಕೂರಲಾಗದೆ ಚಡಪಡಿಸುವವರೇ ಇರುತ್ತಾರೆ. ಓಡಾಟ ಎಲ್ಲರಿಗಿಂತ ಹೆಚ್ಚು ಬೇಕಾದವರನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ. ಶಿಕ್ಷೆಗಾಗಲಿ ಓದಿನ ನೆಪಕ್ಕಾಗಲಿ ಆಟದ ವಿರಾಮವನ್ನು ಕಸಿಯಬಾರದೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2013ರಲ್ಲೇ ಸ್ಪಷ್ಟವಾಗಿ ಹೇಳಿದೆ. ಆಟಕ್ಕೆ ಬಿಟ್ಟರೆ ಓದಿಗೂ ನಷ್ಟವಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಮ್ಮ ತರಗತಿಯ ವಯಸ್ಸಿನ ಮಕ್ಕಳು 20 ನಿಮಿಷ ನಡೆದ ಮೇಲೆ ಗಮನದ ಪರೀಕ್ಷೆಗಳಲ್ಲಿ ಹೆಚ್ಚು ಸರಿಯಾಗಿ ಉತ್ತರಿಸಿದರು.

ಇಲ್ಲೇ ಇನ್ನೊಂದು ಮಾತು. ಉಳಿದವರೆಲ್ಲ ಆಡುತ್ತಾರೆ ಎಂದು ಬರೆದಿದ್ದೀರಿ. ನಿಜವಾಗಿ ಎಷ್ಟು ಮಂದಿ ಆಡುತ್ತಾರೆ? ಔಟಾದವರು ಹೊರಗೆ ಕೂರಬೇಕಾದ ಆಟಗಳಲ್ಲಿ ಮೊದಲು ಔಟಾಗುವುದು ನಿಧಾನವಾಗಿ ಓಡುವ ಮಗು. ಐದು ನಿಮಿಷದಲ್ಲಿ ಅದರ ಆಟ ಮುಗಿಯಿತು. ಪಿರಿಯಡ್ ಪೂರ್ತಿ ಓಡುವುದು ಮೊದಲೇ ಗಟ್ಟಿಮುಟ್ಟಾಗಿರುವವರು. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಂಡು ತಂಡ ಕಟ್ಟುವಾಗ ಕೊನೆಗೆ ಉಳಿಯುವ ಮಗುವಿಗೆ ಆಟದ ಮೇಲೆಯೇ ಬೇಸರ ಹುಟ್ಟುತ್ತದೆ. ತಂಡಗಳನ್ನು ನೀವೇ ಮಾಡಿ. ಔಟಾದವರು ಮತ್ತೆ ಸೇರಿಕೊಳ್ಳುವ ಹಾಗೆ ನಿಯಮ ಬದಲಿಸಿ. 2012ರಲ್ಲಿ ಸ್ಕಾಟ್‌ಲೆಂಡಿನ ಸ್ಟರ್ಲಿಂಗ್‌ನಲ್ಲಿ ಇಲೇನ್ ವೈಲಿ ಎಂಬ ಮುಖ್ಯ ಶಿಕ್ಷಕಿ ತಮ್ಮ ಮಕ್ಕಳನ್ನು ದಿನಾ 15 ನಿಮಿಷ ಹೊರಗೆ ಕರೆದೊಯ್ಯಲು ಶುರು ಮಾಡಿದರು. ಓಡುವವರು ಓಡಬಹುದು, ನಡೆಯುವವರು ನಡೆಯಬಹುದು. ಸ್ಪರ್ಧೆಯಿಲ್ಲ, ಬಟ್ಟೆ ಬದಲಿಸಬೇಕಿಲ್ಲ, ಸಲಕರಣೆಯೂ ಬೇಡ. ‘ಡೈಲಿ ಮೈಲ್’ ಎಂಬ ಹೆಸರಿನಲ್ಲಿ ಅದು ಎಷ್ಟೋ ದೇಶಗಳಿಗೆ ಹರಡಿತು. ಕೊನೆಯವರು ಎಂಬ ಮಾತೇ ಅಲ್ಲಿಲ್ಲದ್ದರಿಂದ ನನಗೆ ಅದು ಬಹಳ ಇಷ್ಟ.

ಎರಡನೆಯದು ಚಾಕೊಲೇಟ್. ಇದನ್ನು ತಿಂದರೆ ಅದು ಸಿಗುತ್ತದೆ ಎಂದ ಕೂಡಲೇ ಮಗು ಲೆಕ್ಕ ಹಾಕುತ್ತದೆ: ಲಂಚ ಕೊಟ್ಟು ತಿನ್ನಿಸುತ್ತಿದ್ದಾರೆಂದರೆ ಇದು ರುಚಿಯಿಲ್ಲದ್ದೇ ಇರಬೇಕು. ಮಕ್ಕಳ ಆಹಾರದ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆಸಿದ ಲಿಯಾನ್ ಬರ್ಚ್ 1984ರಲ್ಲಿ ಇದನ್ನೇ ತೋರಿಸಿದರು. ಹೊಸ ರುಚಿಯ ಪಾನೀಯ ಕುಡಿದದ್ದಕ್ಕೆ ಬಹುಮಾನ ಪಡೆದ ಪುಟ್ಟ ಮಕ್ಕಳಿಗೆ ಆಮೇಲೆ ಆ ಪಾನೀಯದ ಮೇಲಿನ ಒಲವು ಕಡಿಮೆಯಾಗಿತ್ತು. ಒಲವು ಬೆಳೆಯುವುದು ಪರಿಚಯದಿಂದ. ಒಂದು ತರಕಾರಿಯನ್ನು ಒಪ್ಪಿಕೊಳ್ಳಲು ಮಗುವಿಗೆ 8–10 ಸಲ, ಕೆಲವರಿಗೆ 15 ಸಲ ರುಚಿ ನೋಡಬೇಕಾಗಬಹುದು. ದೊಡ್ಡವರು ಸಾಮಾನ್ಯವಾಗಿ ನಾಲ್ಕನೇ ಸಲಕ್ಕೇ ಕೈಬಿಡುತ್ತಾರೆ. ನೀವು ಮಕ್ಕಳ ನಡುವೆ ಕೂತು ಅದೇ ತರಕಾರಿ ತಿನ್ನಿ, ಅವರ ಡಬ್ಬಿಯನ್ನು ಇಣುಕಿ ನೋಡಬೇಡಿ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಜವಾಬ್ದಾರಿ. ಎಷ್ಟು ತಿನ್ನಬೇಕೆಂಬುದು ಮಗುವಿನದು ಎಂದು ಆಹಾರ ತಜ್ಞೆ ಎಲಿನ್ ಸ್ಯಾಟರ್ ಹಾಕಿಕೊಟ್ಟ ಗೆರೆ ಶಾಲೆಗೂ ಸರಿಹೊಂದುತ್ತದೆ.

ಮೂರನೆಯದು ಬೋರ್ಡಿನ ಮೇಲಿನ ತೂಕ. ಅದನ್ನು ಇವತ್ತೇ ಅಳಿಸಿ. ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಎತ್ತರ–ತೂಕದ ಲೆಕ್ಕವನ್ನು ಪೋಷಕರಿಗೆ ಕಳಿಸಿ ನೋಡಿದರು. ಮಕ್ಕಳ ತೂಕದಲ್ಲಿ ಅದರಿಂದ ಯಾವ ಸುಧಾರಣೆಯೂ ಆಗಲಿಲ್ಲ, ಶಾಲೆಯಲ್ಲಿ ತೂಕ ನೋಡಿಸಿಕೊಂಡ ಮಕ್ಕಳಲ್ಲಿ ತಮ್ಮ ತೂಕದ ಬಗ್ಗೆ ಅಸಮಾಧಾನ ಮಾತ್ರ ಹೆಚ್ಚಿತು. ಗುಟ್ಟಾಗಿ ಕಳಿಸಿದ ಲೆಕ್ಕದ ಕಥೆಯೇ ಹೀಗಾದರೆ ಎಲ್ಲರೆದುರು ಬರೆದದ್ದು ಏನು ಮಾಡೀತು? ತೂಕ ನೋಡಲೇಬೇಕಾದರೆ ವೈದ್ಯರೋ ನರ್ಸೋ ಮರೆಯಲ್ಲಿ ನೋಡಿ, ಮನೆಯವರೊಂದಿಗೆ ಮಾತಾಡಲಿ.

ವಿಟಮಿನ್ ಪಾಠ ಬೇಡವೆನ್ನುವುದಿಲ್ಲ, ನಡೆಯಲಿ.

ಇನ್ನು ಮಾಡಬೇಕಾದದ್ದು ಒಂದೇ, ಅದಕ್ಕೆ ಮುಖ್ಯ ಶಿಕ್ಷಕರ ಒಪ್ಪಿಗೆ ಬೇಕು. ಊಟಕ್ಕೆ ಮೊದಲು ಆಟ ಇಡಿ. ಊಟವಾದ ಮೇಲೆ ಆಟ ಅಂದರೆ ಮಕ್ಕಳ ಮನಸ್ಸೆಲ್ಲ ಅಂಗಳದಲ್ಲಿರುತ್ತದೆ, ನಾಲ್ಕು ತುತ್ತು ನುಂಗಿ ಎದ್ದುಬಿಡುತ್ತಾರೆ. ಅಮೆರಿಕದ ಯೂಟಾ ರಾಜ್ಯದ ಶಾಲೆಗಳಲ್ಲಿ ಈ ಕ್ರಮ ತಿರುಗಿಸಿದಾಗ ಮಕ್ಕಳು ಹಣ್ಣು–ತರಕಾರಿ ತಿನ್ನುವುದು ಅರ್ಧಕ್ಕಿಂತ ಹೆಚ್ಚು ಪಾಲು ಏರಿತೆಂದು 2015ರ ಅಧ್ಯಯನ ಹೇಳುತ್ತದೆ. ಕೈ ತೊಳೆಯುವ ಹೊತ್ತನ್ನು ಬಿಟ್ಟು, ಕೂತು ಉಣ್ಣಲು ಕನಿಷ್ಠ 20 ನಿಮಿಷ ಸಿಗಬೇಕು. ಸಿಲಬಸ್ ಮುಗಿಯುವುದಿಲ್ಲ ಎಂದು ಮುಖ್ಯ ಶಿಕ್ಷಕರು ಅಡ್ಡ ಬಂದರೆ, ಪಾಠದ ಒಂದು ನಿಮಿಷವೂ ಹೋಗುವುದಿಲ್ಲ, ಊಟದ ಹೊತ್ತೂ ಆಟದ ಹೊತ್ತೂ ಅದಲುಬದಲಾಗುತ್ತವೆ ಅಷ್ಟೆ ಎಂದು ಹೇಳಿ. ಒಂದು ತಿಂಗಳ ಮಟ್ಟಿಗೆ ನಿಮ್ಮ ತರಗತಿಗೆ ಮಾತ್ರ ಅನುಮತಿ ಕೇಳಿ. ವಾಪಸ್ಸು ಹೋಗುವ ಡಬ್ಬಿಗಳಲ್ಲಿ ಏನು ಉಳಿದಿದೆ ಎಂದು ತಿಂಗಳ ಕೊನೆಗೆ ಮನೆಯವರನ್ನೇ ವಿಚಾರಿಸಿ, ನಮಗೂ ಬರೆಯಿರಿ.