ಮೊದಲು ಕೇಳಬೇಕಾದ್ದು: ರಾತ್ರಿ ಎಲ್ಲಿ ಮಲಗ್ತೀಯಾ?

ರಸ್ತೆಯಲ್ಲೇ ಬದುಕುವ ಹುಡುಗರು ಲೈಂಗಿಕ ಕಾಯಿಲೆಯ ಮಾತನ್ನು ನೇರವಾಗಿ ಎತ್ತುವುದು ಕಡಿಮೆ. ಕೆಮ್ಮು ಅಂತ ಬರುತ್ತಾರೆ, ಇಲ್ಲವೇ 'ನನ್ನ ಫ್ರೆಂಡ್‌ಗೆ ಹೀಗಾಗಿದೆ' ಅನ್ನುತ್ತಾರೆ. ಇಪ್ಪತ್ತು ದಾಟಿದ ಈ ಹುಡುಗ ನನ್ನ ಹತ್ತಿರ ಕಾಲಿನ ಗಾಯ ತೋರಿಸಲು ಬಂದಿದ್ದ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಕಾಂಡೋಮ್ ಮಾತು ಬಂದಾಗ ಪೊಟ್ಟಣವನ್ನು ನನ್ನ ಕಡೆಗೇ ತಳ್ಳಿದ. 'ಇದೆಲ್ಲ ಗೊತ್ತು ಮೇಡಂ. ಇದನ್ನ ಹಾಕ್ಕೋ ಅಂದ್ರೆ ಮಲಗೋಕೆ ಜಾಗ ಕೊಡೋನು ರಾತ್ರಿ ಒಳಗೆ ಬಿಟ್ಕೊಳ್ಳಲ್ಲ. ಮಳೆ ಬಂದ್ರೆ ಎಲ್ಲಿ ಮಲಗ್ಲಿ?'

ಆಮೇಲೆ ನಾನು ಕೇಳಿದ್ದು ಮಲಗುವ ಜಾಗದ ಬಗ್ಗೆ. ಯಾರಿರುತ್ತಾರೆ, ಬೇಡ ಅಂದರೆ ಹೊಡೀತಾರಾ, ಕಾಂಡೋಮ್ ಇಲ್ಲದೆ ಕೊನೆಯ ಸಲ ಯಾವಾಗ? 'ನಿನ್ನೆ ರಾತ್ರಿ' ಅಂದ. ಹಾಗಾದರೆ ಎಚ್‌ಐವಿ ತಡೆಯುವ ತುರ್ತು ಮಾತ್ರೆಗೆ ಸಮಯವಿತ್ತು. ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. 28 ದಿನ ಬಿಡದೆ ನುಂಗಬೇಕು. ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಬರೀ ಮೂತ್ರ ಪರೀಕ್ಷೆ ಸಾಲದು, ಗಂಟಲು ಮತ್ತು ಗುದದ ಸ್ಯಾಂಪಲ್ಲೂ ತೆಗೆಯಿರಿ ಅಂತ ಕೇಳಿಕೊಂಡೆ. ಗೊನೋರಿಯಾ, ಕ್ಲಮೈಡಿಯಾ ಅನ್ನೋ ಲೈಂಗಿಕ ಸೋಂಕು ಅಲ್ಲಿದ್ದರೆ ಎಷ್ಟೋ ಸಲ ಉರಿಯೂ ಇರಲ್ಲ, ನೋವೂ ಇರಲ್ಲ. 'ಹಿಂದೊಂದು ಹುಣ್ಣಾಗಿತ್ತು, ತಾನೇ ಹೋಯ್ತು' ಅಂದ. ಸಿಫಿಲಿಸ್ ಅನ್ನೋ ಲೈಂಗಿಕ ಕಾಯಿಲೆಯ ಹುಣ್ಣು ಹಾಗೇ ಮಾಯುತ್ತದೆ, ರೋಗ ಒಳಗೇ ಉಳಿಯುತ್ತದೆ. ಅದಕ್ಕೆ ರಕ್ತಪರೀಕ್ಷೆಯೂ ಆಯಿತು.

ಅವನ ಚಿಂತೆ ಬೇರೆಯೇ ಇತ್ತು. ಮಾತ್ರೆ ಎಲ್ಲಿಡೋದು? ಬ್ಯಾಗು ಕಳುವಾಗುತ್ತದೆ, ಡಬ್ಬಿ ಗಲಗಲ ಅಂದರೆ ಜೊತೆಯವರು 'ಏನದು' ಅಂತಾರೆ. ಡಬ್ಬಿಯೊಳಗೆ ಹತ್ತಿ ತುಂಬಿದೆವು. ವಾರಕ್ಕಾಗುವಷ್ಟು ಅವನ ಒಳಜೇಬಿಗೆ, ಉಳಿದದ್ದು ನನ್ನ ಕಪಾಟಿಗೆ.

'ಅಲ್ಲಿಗೆ ಹೋಗಬೇಡ ಅಂತ ಯಾಕೆ ಹೇಳಲಿಲ್ಲ?' ಎಂದರು ಸಹೋದ್ಯೋಗಿಯೊಬ್ಬರು. ಮಲಗಲು ಬೇರೆ ಜಾಗ ತೋರಿಸದೆ ಸುಮ್ನೆ ಹಾಗೆ ಹೇಳಿದ್ದರೆ ಅವನು ಅಲ್ಲಿಗೇ ಹೋಗುತ್ತಿದ್ದ, ನನ್ನ ಹತ್ತಿರ ಬರುವುದನ್ನು ಬಿಡುತ್ತಿದ್ದ. ಸೂರಿಗಾಗಿ ಒಪ್ಪಿಕೊಂಡದ್ದನ್ನು 'ಅವನಿಷ್ಟ' ಅಂತ ನಾನಂತೂ ಬರೆಯಲಾರೆ. ಹುಡುಗಿಯಾಗಿದ್ದರೆ ಇದನ್ನೆಲ್ಲ ಕೇಳುತ್ತಿದ್ದೆವು. ಹುಡುಗರನ್ನು ಕೇಳುವವರು ಎಷ್ಟು ಜನ, ಹೇಳಿ?

ರಾತ್ರಿ ತಂಗುದಾಣವೊಂದರಲ್ಲಿ ಜಾಗ ಸಿಕ್ಕಿದೆ. ಕೆಲವು ರಾತ್ರಿ ಅಲ್ಲಿರುತ್ತಾನೆ, ಕೆಲವು ರಾತ್ರಿ ಇರಲ್ಲ. 28 ದಿನದ ಮಾತ್ರೆ ಮುಗಿಸಿದ. ಈಗ ಎಚ್‌ಐವಿ ಬರದಂತೆ ಮುಂಚಿತವಾಗಿ ನುಂಗುವ ಪ್ರೆಪ್ ಮಾತ್ರೆ ಬೇಕು ಅನ್ನುತ್ತಿದ್ದಾನೆ. ಎಚ್‌ಐವಿ ಇಲ್ಲ ಅಂತ ಪರೀಕ್ಷೆಯಲ್ಲಿ ಬಂದರೆ ಶುರು ಮಾಡಬಹುದು. ಅದು ಸಿಫಿಲಿಸ್, ಗೊನೋರಿಯಾ ತಡೆಯಲ್ಲ ಅಂತಲೂ ಹೇಳಿದ್ದೇನೆ. ಈ ಸಲ ಪೊಟ್ಟಣ ತಗೊಂಡು ಹೋದ.